ಆಯಿಯ ಮಧ್ಯಾಹ್ನದ ಪಿಚ್ಚರ್

ಹತ್ತು ವಾರ ನಾನು ಬಸವಕಲ್ಯಾಣದ ಒಂದು ಮನೆಯ ಮುಂದಿನ ಕೋಣೆಯಲ್ಲಿ ಅಂಗಾತ ಮಲಗಿದ್ದೆ. ಅದು ನನ್ನ ತಂಗಿಯ ಮನೆ. ಅದಕ್ಕೂ ಮುಂಚಿನ ಒಂಬತ್ತು ವರ್ಷಗಳಲ್ಲಿ ನಾನು ಆ ಓಣಿಯನ್ನು ಹೊಕ್ಕವನಲ್ಲ, ತಂಗಿಯ ಜೊತೆ ಒಂದು ಮಾತು ಆಡಿದವನೂ ಅಲ್ಲ.

ನಮ್ಮದು ಹುಮನಾಬಾದ್. ಕೆಳಗೆ ಅಪ್ಪನ ಬಟ್ಟೆ ಅಂಗಡಿ, ಮೇಲೆ ಮನೆ. ನಾನು ಅಲ್ಲಿಯೇ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಘಾಟಬೋರಾಳದಲ್ಲಿ ನಮಗೆ ಹೊಲವಿತ್ತು. ತಂಗಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಆ ಊರಿನ ಒಬ್ಬನನ್ನು ಮದುವೆಯಾಗುತ್ತೇನೆ ಎಂದಳು. ಅವನು ಬಸವಕಲ್ಯಾಣದಲ್ಲಿ ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದ. ಅವನ ತಾಯಿ ನಮ್ಮದೇ ಹೊಲದಲ್ಲಿ ಕಳೆ ತೆಗೆಯಲು ಬರುತ್ತಿದ್ದವಳು. ಅವರು ಬೌದ್ಧರು, ಊರಿನ ಹೊರಗಿನ ಓಣಿಯವರು. ಹೊಲದಲ್ಲಿ ಅವಳಿಗೆ ನೀರು ಕೊಡುವಾಗ ನಮ್ಮ ಅವ್ವ ಚೊಂಬನ್ನು ಎತ್ತಿ ಹಿಡಿದು ಬೊಗಸೆಗೆ ಸುರಿಯುತ್ತಿದ್ದುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅದರಲ್ಲಿ ಗಮನಿಸುವಂಥದ್ದು ಏನಾದರೂ ಇದೆ ಎಂದು ನನಗೆ ಅನ್ನಿಸಿರಲಿಲ್ಲ.

ತಂಗಿಯ ಮೊಬೈಲು ಕಿತ್ತುಕೊಂಡು, ಮೇಲಿನ ಹಿಂದಿನ ಕೋಣೆಗೆ ಅವಳನ್ನು ದೂಡಿ, ಹೊರಗಿನಿಂದ ಬೀಗ ಜಡಿದವನು ನಾನು. ಅಪ್ಪ ಕೂಗಾಡಿದರು, ಅಷ್ಟೇ. ಕೀಲಿ ನನ್ನ ಪ್ಯಾಂಟಿನ ಕಿಸೆಯಲ್ಲಿರುತ್ತಿತ್ತು. ಅದನ್ನು ಇಟ್ಟುಕೊಂಡೇ ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತಿದ್ದೆ. ಹದಿಮೂರನೆಯ ದಿನ ಊಟ ಕೊಡಲೆಂದು ಅವ್ವ ನನ್ನಿಂದ ಕೀಲಿ ಇಸಿದುಕೊಂಡು ಬಾಗಿಲು ತೆಗೆದಾಗ ತಂಗಿ ಮೆಟ್ಟಿಲಿಳಿದು ಹೋಗಿಬಿಟ್ಟಳು. ಅವ್ವ ಕೂಗಿ ಯಾರನ್ನೂ ಕರೆಯಲಿಲ್ಲ. ಆ ತಪ್ಪಿಗಾಗಿ ಅಪ್ಪ ದೇವರ ಮುಂದೆ ಅವ್ವನಿಂದ ಆಣೆ ಮಾಡಿಸಿದರು: ಮಗಳು ಮದುವೆಯಾಗಿ ಹೋದ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಆ ಮನೆಯಲ್ಲಿ ಹನಿ ನೀರು ಕುಡಿಯುವುದಿಲ್ಲ. ಆಮೇಲೆ ನನಗೆ ಬಂದ ಎರಡು ಸಂಬಂಧಗಳು ತಪ್ಪಿಹೋದವು. ಅದಕ್ಕೂ ತಂಗಿಯೇ ಕಾರಣ ಎಂದು ನಂಬಿಕೊಂಡೆ. ಹೀಗೆ ಒಂಬತ್ತು ವರ್ಷ ಕಳೆದವು.

ಒಂದು ಚಳಿಗಾಲದ ಮುಂಜಾನೆ ಶಿಕ್ಷಕರ ತರಬೇತಿಗೆಂದು ಬೈಕಿನಲ್ಲಿ ಬಸವಕಲ್ಯಾಣಕ್ಕೆ ಹೊರಟಿದ್ದೆ. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಬಿಟ್ಟು ಊರಿನ ರಸ್ತೆಗೆ ತಿರುಗಿದ ಮೇಲೆ, ಯಾವುದೋ ಟ್ರ್ಯಾಕ್ಟರಿನಿಂದ ಉದುರಿದ ಕಬ್ಬಿನ ಮೇಲೆ ಗಾಲಿ ಹತ್ತಿ ಜಾರಿತು. ಏಳಲು ನೋಡಿದೆ, ಸೊಂಟದಿಂದ ಕೆಳಗಿನ ಮೈ ನನ್ನದಲ್ಲ ಅನ್ನುವ ಹಾಗಿತ್ತು. ನನ್ನನ್ನು ಎತ್ತಿ ಹಾಕಿಕೊಂಡ ಆಟೋದವನು ಘಾಟಬೋರಾಳದವನು. ಅವನಿಗೆ ಎರಡೂ ಮನೆಗಳ ಕತೆ ಗೊತ್ತಿತ್ತು. ಅವನು ಅಪ್ಪನಿಗೆ ಫೋನ್ ಮಾಡುವ ಮೊದಲು ತಂಗಿಯ ಗಂಡನಿಗೆ ಮಾಡಿದ.

ಸೊಂಟದ ಎಲುಬು ಎರಡು ಕಡೆ ಸೀಳಿತ್ತು. ಆಪರೇಷನ್ ಬೇಡ, ಆದರೆ ಎರಡು ತಿಂಗಳಿಗಿಂತ ಹೆಚ್ಚು ಅಲುಗಾಡದೆ ಮಲಗಬೇಕು, ಮೆಟ್ಟಿಲ ಮೇಲೆ ಹೊತ್ತೊಯ್ಯುವುದಂತೂ ಕೂಡದು ಎಂದರು ಡಾಕ್ಟರು. ನಮ್ಮ ಮನೆಗೆ ಇರುವುದೇ ಕಡಿದಾದ ಇಪ್ಪತ್ತು ಮೆಟ್ಟಿಲು. ಮರುದಿನ ಅಪ್ಪ ಆಸ್ಪತ್ರೆಗೆ ಬಂದರು. ಮಂಚದ ಒಂದು ಬದಿಗೆ ಅವರು, ಇನ್ನೊಂದು ಬದಿಗೆ ತಂಗಿ. ತಂಗಿ ಗೋಡೆ ನೋಡುತ್ತ, ತಮ್ಮ ಮನೆ ನೆಲಕ್ಕೇ ಇದೆ, ಮೆಟ್ಟಿಲಿಲ್ಲ ಎಂದಳು. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಔಷಧದ ಚೀಟಿ ತೆಗೆದುಕೊಂಡು ಹೊರಗೆ ಹೋದವರು ಔಷಧ ತಂದಿಟ್ಟು ಹಾಗೆಯೇ ಬಸ್ ಹತ್ತಿದರು. ನಾನು ಎಲ್ಲಿಗೆ ಹೋಗಬೇಕು ಎಂಬುದನ್ನು ಯಾರೂ ತೀರ್ಮಾನಿಸಲಿಲ್ಲ. ಹಾಗೆ ತೀರ್ಮಾನವಾಯಿತು.

ಆ ಮನೆಯಲ್ಲಿ ನನ್ನ ಮಂಚ ಹಿಡಿಯುವಷ್ಟು ಅಗಲ ಇದ್ದದ್ದು ಮುಂದಿನ ಕೋಣೆಯೊಂದೇ. ಮೇಲೆ ತಗಡಿನ ಛಾವಣಿ. ತಲೆಯ ಹಿಂದೆ ಬಾಗಿಲು, ಎಡಕ್ಕೆ ಒಳಗೆ ಹೋಗುವ ದಾರಿ, ಕಾಲಿನ ಕಡೆಯ ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಟಿವಿ. ನಾನು ತಲೆ ಹೊರಳಿಸದೆ ನೋಡಬಹುದಾದದ್ದು ಆ ಎರಡನ್ನೇ. ಮುಂಜಾನೆ ಒಂಬತ್ತಕ್ಕೆ ತಂಗಿ ತಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಗೆ ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು. ಅವಳ ಗಂಡ ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಬಂದು ಎರಡೂವರೆಗೆ ಹೋಗುತ್ತಿದ್ದ. ಉಳಿದ ಹೊತ್ತೆಲ್ಲ ನಾನು ಮತ್ತು ಅವನ ತಾಯಿ. ಮನೆಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು. ಒಂದು ಕಾಲಕ್ಕೆ ಅವಳು ನನ್ನನ್ನು ‘ಸಣ್ಣ ಸಾವ್ಕಾರ್ರ’ ಎಂದು ಕರೆಯುತ್ತಿದ್ದವಳು. ಈಗ ‘ಮಾಸ್ತರ್ರ’ ಎಂದಳು. ನಾನು ಅವಳನ್ನು ಏನೆಂದೂ ಕರೆಯದೆ ಮೊದಲ ವಾರ ಕಳೆದೆ.

ನನ್ನ ಮಲಮೂತ್ರ ತೆಗೆಯುತ್ತಿದ್ದವನು ತಂಗಿಯ ಗಂಡ. ಮುಂಜಾನೆ ಅಂಗಡಿಗೆ ಹೋಗುವ ಮೊದಲು ಒಮ್ಮೆ, ಮಧ್ಯಾಹ್ನ ಬಂದ ಕೂಡಲೇ ಒಮ್ಮೆ. ಮುಖ ಬಿಗಿದುಕೊಳ್ಳದೆ, ಮಾತಾಡದೆ, ಮೋಟಾರು ಬಿಚ್ಚುವವನ ನಿಗಾದಲ್ಲಿ ಆ ಕೆಲಸ ಮಾಡಿ, ಸೋಪು ಹಚ್ಚಿ ಕೈ ತೊಳೆದು ಊಟಕ್ಕೆ ಕೂರುತ್ತಿದ್ದ. ಆ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ನಾಲ್ಕನೆಯ ದಿನವೋ ಐದನೆಯ ದಿನವೋ, ನಿಮಗೆ ತ್ರಾಸ ಕೊಡುತ್ತಿದ್ದೇನೆ ಎಂದೆ.

“ತ್ರಾಸ ಖರೇನ ಅದರಿ ಸರ್,” ಎಂದ ಅವನು. “ನಾ ನಿಮ್ಮ ಸಲುವಾಗಿ ಮಾಡಾಕತ್ತಿಲ್ಲ. ಆಕಿ ನೌಕರಿ ಬಿಟ್ಟು ಮನ್ಯಾಗ ಕೂಡಬಾರ್ದು, ಅದಕ್ಕ ಮಾಡಾಕತ್ತೇನಿ.”

ಅವನು ನನ್ನನ್ನು ಸರ್ ಎಂದೇ ಕರೆಯುತ್ತಿದ್ದ. ಇವತ್ತಿಗೂ ಹಾಗೆಯೇ.

ಮಧ್ಯಾಹ್ನ ಎರಡಕ್ಕೆ ಆಯಿಯ ಪಿಚ್ಚರ್ ಶುರುವಾಗುತ್ತಿತ್ತು. ಯಾವುದೋ ಚಾನೆಲ್ಲಿನಲ್ಲಿ ದಿನವೂ ಆ ಹೊತ್ತಿಗೆ ಒಂದು ಸಂಸಾರದ ಪಿಚ್ಚರ್ ಹಾಕುತ್ತಿದ್ದರು. ಬಡಿದಾಟವಿಲ್ಲದ, ಎಲ್ಲರೂ ಕೂಡಿ ಕೂತು ನೋಡಬಹುದಾದ ಪಿಚ್ಚರ್. ಕನ್ನಡದ್ದು ಮುಗಿದರೆ ಬೇರೆ ಭಾಷೆಯದು, ಕನ್ನಡದ ಮಾತು ಕೂಡಿಸಿದ್ದು. ಪ್ಲಾಸ್ಟಿಕ್ ಹಾಳೆ ಸುತ್ತಿದ ರಿಮೋಟನ್ನು ಸೆರಗಿನಲ್ಲಿಟ್ಟುಕೊಂಡು ಆಯಿ ನನ್ನ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂರುತ್ತಿದ್ದಳು.

ನನಗೆ ಆ ಬಗೆಯ ಸಿನಿಮಾಗಳನ್ನು ಕಂಡರೆ ಆಗುತ್ತಿರಲಿಲ್ಲ. ತರಗತಿಯಲ್ಲಿ ಅವುಗಳನ್ನು ಹೀಯಾಳಿಸಿ ಮಕ್ಕಳನ್ನು ನಗಿಸುತ್ತಿದ್ದೆ. ಕೆಟ್ಟವನು ಕೊನೆಯ ಹತ್ತು ನಿಮಿಷದಲ್ಲಿ ಅತ್ತು ಒಳ್ಳೆಯವನಾಗುತ್ತಾನೆ, ಮುರಿದ ಮನೆ ಒಂದು ಹಾಡಿಗೆ ಕೂಡಿಕೊಳ್ಳುತ್ತದೆ, ಇದು ವಿಚಾರ ಮಾಡಲು ಒಲ್ಲದವರಿಗೆ ಕೊಡುವ ಬೆಲ್ಲ ಎನ್ನುತ್ತಿದ್ದೆ. ಈಗ ದಿನಕ್ಕೊಂದು ಬೆಲ್ಲ ತಿನ್ನಬೇಕಾಯಿತು. ಎರಡನೆಯ ದಿನ, ಸ್ವಲ್ಪ ಸುದ್ದಿ ಹಾಕುತ್ತೀರಾ ಎಂದು ಕೇಳಿದೆ. ಆಯಿ ಹಿಂದಿರುಗಿಯೂ ನೋಡಲಿಲ್ಲ. ನಾನು ಕಣ್ಣು ಮುಚ್ಚಿದರೂ ಕಿವಿ ಮುಚ್ಚುವಂತಿರಲಿಲ್ಲ. ತಗಡಿನ ಸಾಲು ಎಣಿಸಿದೆ, ಹನ್ನೊಂದು ಇದ್ದವು. ಮತ್ತೆ ಎಣಿಸಿದೆ.

ಆಯಿ ಪಿಚ್ಚರ್ ನೋಡುವ ಬಗೆಯೇ ಬೇರೆ. ಅದರೊಳಗಿನವರ ಜೊತೆ ಮಾತಾಡುತ್ತಿದ್ದಳು. ಒಂದು ಪಿಚ್ಚರ್‌ನಲ್ಲಿ ಮರೆವು ಬಂದ ಒಬ್ಬ ಮುದುಕ ದಿನವೂ ಒಂದೇ ಬಸ್ ಹತ್ತಿ ಎಲ್ಲಿ ಇಳಿಯಬೇಕೆಂದು ತಿಳಿಯದೆ ಕೂರುತ್ತಾನೆ. ಕಂಡಕ್ಟರನೂ ದಿನದ ಪ್ರಯಾಣಿಕರೂ ಸೇರಿ ಅವನ ಮನೆ ಹುಡುಕುತ್ತಾರೆ. ಮುದುಕ ತಪ್ಪು ಸ್ಟಾಪಿನಲ್ಲಿ ಏಳುವಾಗೆಲ್ಲ ಆಯಿ, ಇಲ್ಲಲ್ಲೋ ಯಪ್ಪಾ, ಕೂಡು, ಮುಂದಿಂದದ ನಿಂದು ಎಂದು ಕೈ ಮಾಡಿ ಹೇಳುತ್ತಿದ್ದಳು. ಮಗ ಊಟ ಮುಗಿಸಿ ಅರ್ಧ ತಾಸು ನಿಂತು ನೋಡಿ ಅಂಗಡಿಗೆ ಹೋಗುತ್ತಿದ್ದ. ಅವನು ಯಾವ ಪಿಚ್ಚರ್‌ನ ಕೊನೆಯನ್ನೂ ಕಂಡವನಲ್ಲ. ಸಂಜೆ ಅವನು ಬಂದ ಮೇಲೆ ಆಯಿ ರೊಟ್ಟಿ ಬಡಿಯುತ್ತ ಉಳಿದ ಕತೆ ಹೇಳುತ್ತಿದ್ದಳು.

ಅವಳು ಹೇಳುವ ಕೊನೆ, ನಾನು ನೋಡಿದ ಕೊನೆಯಾಗಿರುತ್ತಿರಲಿಲ್ಲ. ಒಂದು ಪಿಚ್ಚರ್‌ನಲ್ಲಿ ಆಳುಗಳನ್ನು ಗೋಳಾಡಿಸಿದ ಸಾಹುಕಾರ ಕೊನೆಗೆ ಕೈಮುಗಿದು ನಿಂತಾಗ ಊರೆಲ್ಲ ಅವನನ್ನು ಕ್ಷಮಿಸುತ್ತದೆ. ಆಯಿ ಹೇಳುವಾಗ ಊರವರು ಮೊದಲು ಅವನಿಂದ ಒಂದು ಮಳೆಗಾಲ ಪೂರ್ತಿ ಕಳೆ ತೆಗೆಸಿದರು, ಆಮೇಲೆ ಕ್ಷಮಿಸಿದರು. ಸುದ್ದಿ ಹಾಕಿ ಎಂದದ್ದು ಬಿಟ್ಟರೆ ಅಲ್ಲಿಯವರೆಗೆ ಅವಳೊಂದಿಗೆ ನಾನಾಗಿ ಮಾತಾಡಿದವನಲ್ಲ. ಅವತ್ತು ಬಾಯಿ ತಡೆಯಲಿಲ್ಲ. ಹಾಗೆ ಇರಲಿಲ್ಲವಲ್ಲ ಆಯಿ ಎಂದೆ.

“ಇರಬೇಕಾಗಿತ್ತರಿ ಮಾಸ್ತರ್ರ,” ಎಂದಳು ಅವಳು. ಒಳಗೆ ತಂಗಿ ನಕ್ಕದ್ದು ಕೇಳಿಸಿತು. ಒಂಬತ್ತು ವರ್ಷಗಳ ಮೇಲೆ ಅವಳ ನಗು ನಾನು ಕೇಳಿದ್ದು ಅದೇ ಮೊದಲು.

ಇನ್ನೊಂದು ದಿನ, ಪಿಚ್ಚರ್ ಮುಗಿದು ಸಾಬೂನಿನ ಜಾಹೀರಾತು ಬರುತ್ತಿದ್ದಾಗ, ಇದೆಲ್ಲ ಸುಳ್ಳು ಅಂತ ನಿಮಗೆ ಅನ್ನಿಸುವುದಿಲ್ಲವೇ ಎಂದು ಅವಳನ್ನು ಕೇಳಿದೆ. ಹೀಯಾಳಿಸಿ ಕೇಳಿದ್ದಲ್ಲ, ಅಷ್ಟು ಹೊತ್ತಿಗೆ ನನ್ನಲ್ಲಿ ಆ ಗತ್ತು ಉಳಿದಿರಲಿಲ್ಲ. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಟಿವಿಯ ಧ್ವನಿ ತಗ್ಗಿಸಿದಳು.

“ಅರವತ್ತು ವರ್ಷ ಮಂದಿ ಹೊಲದಾಗ ದುಡದೀನ್ರಿ. ಛಲೋ ಮಂದಿನ್ನ ನೋಡಬೇಕಂದ್ರ ನಾ ಎಲ್ಲಿಗಿ ಹೋಗ್ಲಿ? ಇಲ್ಲಿ ದಿನಾ ಎರಡಕ್ಕ ಬರ್ತಾರ. ಅವ್ರ್ ಇರೂದು ಹಿಂಗ ಅಂತ ನೆನಪರೆ ಉಳೀತದ.”

ಆ ಅರವತ್ತು ವರ್ಷಗಳಲ್ಲಿ ಎಷ್ಟೋ ವರ್ಷ ಅವಳು ನಮ್ಮ ಹೊಲದಲ್ಲಿ ದುಡಿದವಳು.

ಐದನೆಯ ವಾರದ ಒಂದು ರಜೆಯ ದಿನ ತಂಗಿಯೂ ಮನೆಯಲ್ಲಿದ್ದಳು. ಅವತ್ತಿನ ಪಿಚ್ಚರ್‌ನಲ್ಲಿ ಒಬ್ಬ ಅಣ್ಣ. ತಂಗಿಯ ಪರೀಕ್ಷೆಯ ದಿನ ಹಳ್ಳ ತುಂಬಿ ಹರಿಯುತ್ತದೆ. ಅವನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಅವಳ ಪುಸ್ತಕಗಳನ್ನು ತಲೆಯ ಮೇಲೆ ಕಟ್ಟಿಕೊಂಡು, ಕುತ್ತಿಗೆಮಟ್ಟದ ನೀರಿನಲ್ಲಿ ದಾಟಿಸುತ್ತಾನೆ. ಆಯಿ ಜೋರಾಗಿಯೇ ಅಳುತ್ತಿದ್ದಳು. ತಂಗಿ ಒಳಗಿನ ಬಾಗಿಲಿಗೆ ಆತು ನಿಂತು ನೋಡುತ್ತಿದ್ದಳು. ಅವಳ ಕಣ್ಣು ಒಣಗಿತ್ತು.

“ಆಯಿ, ಇಂಥ ಅಣ್ಣಂದಿರು ಎಲ್ಲಿರ್ತಾರ್ರಿ?” ಎಂದಳು. ನನ್ನ ಕಡೆ ನೋಡಲಿಲ್ಲ. ಟಿವಿಯಲ್ಲಿ ನೀರು ಹರಿಯುವ ಸದ್ದು ಮಾತ್ರ. ಆಮೇಲೆ ತಂಗಿ, ಮಾತನ್ನು ಇನ್ನೂ ಆಯಿಗೇ ಹೇಳುತ್ತಿರುವವಳ ಹಾಗೆ, ನಿಧಾನವಾಗಿ ಹೇಳಿದಳು: “ಹನ್ನೆರಡು ದಿನ ನಾನೂ ಹಿಂಗ ಛಾವಣಿ ನೋಡ್ಕೋತ ಬಿದ್ದಿದ್ದೆ. ಉಚ್ಚಿಗಿ ಹೋಗ್ಬೇಕಂದ್ರ ಬಾಗಲಾ ಬಡೀಬೇಕಾಗಿತ್ತು. ಒಮ್ಮೊಮ್ಮೆ ಕೀಲಿ ಸಾಲಿಗಿ ಹೋಗಿರ್ತಿತ್ತು.”

ನಾನು ಚಿಕ್ಕಂದಿನಿಂದ ಒಂದು ರೂಢಿ ಇಟ್ಟುಕೊಂಡು ಬಂದವನು. ಮನೆಯಲ್ಲಿ ಇಂಥ ಮಾತು ಎದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತೇನೆ. ಅಂಗಡಿಯ ಕಟ್ಟೆಗೋ, ಬಸ್ ಸ್ಟ್ಯಾಂಡಿನ ಚಹಾದ ಗಾಡಿಗೋ. ಹಿಂದಿರುಗುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಅವತ್ತು ನನಗೆ ಹೋಗಲು ಕಾಲಿರಲಿಲ್ಲ. ಪಕ್ಕಕ್ಕೆ ಹೊರಳಲೂ ಆಗುತ್ತಿರಲಿಲ್ಲ. ಎದೆಯ ಮೇಲೆ ಕೈ ಜೋಡಿಸಿಕೊಂಡು, ಬುದ್ಧನ ಪಟದ ಕೆಳಗೆ ಆ ಅಣ್ಣ ದಡ ಹತ್ತುವವರೆಗೆ ನೋಡಿದೆ. ತಪ್ಪಿಸಿಕೊಳ್ಳಲು ದಾರಿ ಇಲ್ಲದವನಿಗೆ ಏನು ಕಾಣುತ್ತದೆ ಎಂಬುದು ಅವತ್ತು ನನಗೆ ತಿಳಿಯಿತು. ಆ ಪಿಚ್ಚರ್‌ನ ಕತೆ ಸಾಧಾರಣದ್ದೇ. ಹಾಡು ಬೇಡವಾದ ಕಡೆ ಬಂದಿತ್ತು, ಹಳ್ಳದ ನೀರು ಯಾವುದೋ ಸ್ಟುಡಿಯೋದ್ದು ಎಂದು ಗೊತ್ತಾಗುತ್ತಿತ್ತು. ಆದರೂ ಅದು ಇರದಿದ್ದರೆ ನನ್ನ ತಂಗಿ ಆ ಮಾತನ್ನು ಎಂದೂ ಆಡುತ್ತಿರಲಿಲ್ಲ. ಸಿಟ್ಟನ್ನು ಕೂಗಿ ಹೇಳುವುದಷ್ಟೇ ನಮ್ಮ ಮನೆಯಲ್ಲಿ ರೂಢಿ. ನೋವನ್ನು ಹೇಗೆ ಶುರು ಮಾಡಿ ಹೇಳಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಅವತ್ತು ಆ ಸುಳ್ಳು ಹಳ್ಳ ಅದನ್ನು ಶುರು ಮಾಡಿಕೊಟ್ಟಿತು.

ಮೂರು ದಿನ ನಾನು ಮನಸ್ಸಿನಲ್ಲಿಯೇ ಮಾತು ಕಟ್ಟಿದೆ. ಕನ್ನಡ ಮೇಷ್ಟ್ರಲ್ಲವೇ, ಚೆನ್ನಾಗಿಯೇ ಕಟ್ಟಿದ್ದೆ. ನಾಲ್ಕನೆಯ ದಿನ ಸಂಜೆ ತಂಗಿ ಗಂಜಿ ತಂದು ಕೂತಾಗ ಶುರು ಮಾಡಿದೆ. ನಾನು ನಿನಗೆ ಮಾಡಿದ ಅನ್ಯಾಯಕ್ಕೆ ಈ ಜನ್ಮದಲ್ಲಿ ಕ್ಷಮೆ ಇಲ್ಲ ಎಂಬಲ್ಲಿಗೆ ಬಂದಿದ್ದೆ. ಅವಳು ಚಮಚ ತಟ್ಟೆಯಲ್ಲಿಟ್ಟಳು.

“ಪಿಚ್ಚರಿನ ಮಾತು ಬ್ಯಾಡಣ್ಣಾ. ನಿನ್ನ ಕೈಲಿ ಆದ್ರ ಅವ್ವನ್ನ ಒಮ್ಮೆ ತೋರ್ಸು. ಒಂಬತ್ತು ವರ್ಷ ಆತು.”

ಆಗಲಿ ಎಂದೆ. ಪಿಚ್ಚರ್‌ನಲ್ಲಾದರೆ ಅಲ್ಲಿಗೆ ಹಾಡು ಬರಬೇಕಿತ್ತು. ಒಳಗಿನಿಂದ ಎಲ್ಲ ಕೇಳಿಸಿಕೊಂಡ ಅವಳ ಗಂಡ ಮರುದಿನ ಮುಂಜಾನೆ ನನ್ನ ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ, ತಂಗಿ ಇಲ್ಲದ್ದನ್ನು ನೋಡಿಕೊಂಡು ಹೇಳಿದ: “ಪಿಚ್ಚರ್‌ನ್ಯಾಗ ಮನಶ್ಯಾ ಎರಡೂವರಿ ತಾಸಿನ್ಯಾಗ ಸುಧಾರಸ್ತಾನ್ರಿ ಸರ್. ನಿಮಗ ಒಂಬತ್ತು ವರ್ಷ ಹತ್ತೇದ. ಆಕಿಗಿ ಆಗ್ಲಿ ಅಂದೀರಿ. ಆಗ್ಲಿಕ್ಕ ಬೇಕು.” ಬೈದ ಧ್ವನಿಯಲ್ಲ ಅದು. ಮೋಟಾರು ತಂದವನಿಗೆ ಇಂಥ ದಿನ ಸಿಗುತ್ತದೆ ಎಂದು ಹೇಳುವ ಧ್ವನಿ.

ಹತ್ತು ವಾರ ಮುಗಿದಾಗ ವಾಕರ್ ಹಿಡಿದು ನಡೆಯುತ್ತಿದ್ದೆ. ಹೊರಡುವ ದಿನ ಆಯಿ ಬಾಗಿಲವರೆಗೂ ಬರಲಿಲ್ಲ. ಎರಡು ಗಂಟೆಯಾಗಿತ್ತು.

ಹುಮನಾಬಾದಿಗೆ ಬಂದು ಇಪ್ಪತ್ತು ಮೆಟ್ಟಿಲನ್ನು ಒಂದೊಂದೇ ಹತ್ತಿದೆ. ಅಪ್ಪ ನನ್ನ ಸೊಂಟದ ಬಗ್ಗೆ ಕೇಳಿದರು, ಔಷಧದ ಬಗ್ಗೆ ಕೇಳಿದರು. ನಾನು ಎಲ್ಲಿ ಮಲಗಿದ್ದೆ, ಯಾರು ನೋಡಿಕೊಂಡರು ಎಂದು ಕೇಳಲಿಲ್ಲ. ಆ ಹತ್ತು ವಾರ ನಾನು ಎಲ್ಲಿಯೂ ಇರಲಿಲ್ಲವೇನೋ ಅನ್ನುವ ಹಾಗಿತ್ತು. ಅವ್ವ ಮಾತ್ರ ನಾನು ತಂದ ಅರಿವೆಗಳನ್ನು ಒಗೆಯಲು ತೆಗೆಯುವಾಗ ಒಂದು ಟವೆಲ್ಲನ್ನು ಹಿಡಿದು ನಿಂತಳು. ಅದು ನಮ್ಮದಲ್ಲ, ತಂಗಿಯ ಮನೆಯದು. ಅವಳು ಅದನ್ನು ಒಗೆಯಲಿಲ್ಲ. ಮಡಚಿ ತನ್ನ ಟ್ರಂಕಿನಲ್ಲಿಟ್ಟಳು.

ತಂಗಿಗೆ ಆಗಲಿ ಎಂದದ್ದನ್ನು ಅಪ್ಪನ ಎದುರು ಹೇಗೆ ಎತ್ತುವುದು? ದಿನವೂ ಊಟಕ್ಕೆ ಕೂರುವಾಗ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅವರು ಪೂಜೆ ಮುಗಿಸಿ ಹಣೆಗೆ ವಿಭೂತಿ ಬಳಿದುಕೊಂಡು ಮಣೆಯ ಮೇಲೆ ಕೂತರೆ ನಾನು ಅಂಗಡಿಯ ಮಾತು ತೆಗೆಯುತ್ತಿದ್ದೆ. ಮೂವತ್ತೈದು ವರ್ಷದ ಗಂಡಸು, ಶಾಲೆಯಲ್ಲಿ ಅರವತ್ತು ಮಕ್ಕಳನ್ನು ಕಣ್ಣಿನಲ್ಲೇ ಕೂರಿಸುವವನು. ಬಸವಕಲ್ಯಾಣದಲ್ಲಿ ಎಲುಬು ಮುರಿದು ಮಲಗಿದ್ದೆ. ಇಲ್ಲಿ ಎಲುಬು ನೆಟ್ಟಗಿದ್ದೂ ಮಲಗಿದ್ದೆ. ಹೀಗೆ ನಾಲ್ಕು ತಿಂಗಳಾಯಿತು. ತಂಗಿ ಫೋನ್ ಮಾಡಿದಾಗ ಅದರ ಬಗ್ಗೆ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಮಳೆಗಾಲದಲ್ಲಿ ಒಂದು ಸಂಸಾರದ ಪಿಚ್ಚರ್ ಬಂತು. ಪಕ್ಕದ ಮನೆಯ ಹೆಂಗಸರದೆಲ್ಲ ಅದರ ಮಾತೇ. ನಮ್ಮ ಊರಿನಲ್ಲಿ ಬೇರೆ ಯಾವುದೋ ಬಡಿದಾಟದ ಪಿಚ್ಚರ್ ಓಡುತ್ತಿತ್ತು. ಇದನ್ನು ಬಸವಕಲ್ಯಾಣದ ಟಾಕೀಜಿನಲ್ಲಿ ಹಾಕಿದ್ದರು. ಒಂದು ದಿನ ಊಟದ ಹೊತ್ತಿನಲ್ಲಿ ನಾನು, ಅವ್ವನನ್ನು ಆ ಪಿಚ್ಚರ್‌ಗೆ ಕರೆದುಕೊಂಡು ಹೋಗಿ ಬರುತ್ತೇನೆ, ಮಧ್ಯಾಹ್ನದ ಆಟಕ್ಕೆ, ಎಂದೆ. ಅಪ್ಪನ ತುತ್ತು ನಿಂತಿತು. ಹೆಂಗಸರು ನೋಡುವಂಥದ್ದೇನು ಎಂದು ಕೇಳಿದರು. ಭಾಳ ಛಲೋ ಸಂಸ್ಕಾರದ ಪಿಚ್ಚರ್ ಅಂತಾರ್ರಿ ಎಂದೆ. ಅಪ್ಪ ಮತ್ತೆ ಉಣ್ಣತೊಡಗಿದರು. ಬೇಡ ಎನ್ನಲಿಲ್ಲ.

ಬಸ್ಸಿನಲ್ಲಿ ಅವ್ವನಿಗೆ ಹೇಳಿಬಿಟ್ಟೆ, ತಂಗಿಯೂ ಬರುತ್ತಾಳೆ ಎಂದು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದವಳು ತೊಡೆಯ ಮೇಲಿನ ಚೀಲವನ್ನು ನನ್ನ ಕಡೆ ಸರಿಸಿ ಬಾಯಿ ಬಿಚ್ಚಿ ತೋರಿಸಿದಳು. ಡಬ್ಬಿ ತುಂಬ ಶೇಂಗಾ ಹೋಳಿಗೆ. ಕೆಳಗೆ ಮಡಚಿದ ಆ ಟವೆಲ್ಲು. “ಪಿಚ್ಚರ್ ನೋಡ್ಲಿಕ್ಕ ಯಾರು ಹೋಳಿಗಿ ಒಯ್ತಾರ,” ಎಂದಳು.

ತಂಗಿಯ ಗಂಡ ಬರಲಿಲ್ಲ. ತನ್ನನ್ನು ನೋಡಬೇಕಾದರೆ ಅವ್ವ ಮನೆಗೇ ಬರಲಿ ಎಂದು ಹೇಳಿ ಕಳಿಸಿದ್ದ. ತಂಗಿ ಮತ್ತು ಆಯಿ ಟಾಕೀಜಿನ ಗೇಟಿನ ಹತ್ತಿರ ನಿಂತಿದ್ದರು. ಮಳೆ ಜಿನುಗುತ್ತಿತ್ತು. ಅವ್ವ ಮತ್ತು ತಂಗಿ ಒಬ್ಬರನ್ನೊಬ್ಬರು ತಬ್ಬಿಕೊಳ್ಳಲಿಲ್ಲ. ಅವ್ವ ಅವಳ ತೋಳನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಒಮ್ಮೆ ಸವರಿ, ಸೊರಗಿದ್ದೀಯಲ್ಲ ಎಂದಳು. ತಂಗಿ ಸೊರಗಿರಲಿಲ್ಲ, ದಪ್ಪಗಾಗಿದ್ದಳು. ಹೂಂ ಅಂದಳು.

ಒಳಗೆ ನಾನು ಅಂಚಿನಲ್ಲಿ, ಆಮೇಲೆ ತಂಗಿ, ಅವಳ ಪಕ್ಕಕ್ಕೆ ಅವ್ವ, ಅವ್ವನ ಆಚೆ ಆಯಿ. ದೀಪ ಆರಿತು. ಊರಿನ ಬೀದಿಯಲ್ಲಾದರೆ ಯಾರು ಯಾರ ಪಕ್ಕ ನಿಂತರು ಎಂದು ನೋಡಲು ನೂರು ಕಣ್ಣು. ಅಲ್ಲಿ ಎಲ್ಲರ ಕಣ್ಣೂ ಮುಂದಿತ್ತು. ಪಿಚ್ಚರ್‌ನಲ್ಲಿ ಖಾನಾವಳಿ ನಡೆಸುವ ಒಬ್ಬ ಅಜ್ಜಿ. ಹಸಿದು ಬಂದವರಿಗೆ ಇಲ್ಲ ಅನ್ನದವಳು. ಆ ಜಾಗವನ್ನು ಕಸಿದುಕೊಳ್ಳಲು ಬಂದಾಗ, ಎಷ್ಟೋ ವರ್ಷದ ಹಿಂದೆ ಅಲ್ಲಿ ಉಂಡು ಹೋದವರು ಒಬ್ಬೊಬ್ಬರಾಗಿ ಹಿಂದಿರುಗಿ ಬರುತ್ತಾರೆ. ನಾನು ಹೆಚ್ಚು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಆಯಿ ತನ್ನ ಕೆಲಸ ಶುರು ಮಾಡಿದಳು; ಆ ಕಾಗದಕ್ಕ ಸಹಿ ಹಾಕಬ್ಯಾಡ ಯವ್ವಾ, ಅವ ಮೋಸಗಾರ ಎಂದು ಪರದೆಗೆ ಹೇಳಿದಳು. ಮುಂದಿನ ಸಾಲಿನವರು ಹಿಂದಿರುಗಿ ನೋಡಿದರು. ನಮ್ಮ ಅವ್ವ, ಘಾಟಬೋರಾಳದ ಹೊಲದಲ್ಲಿ ಚೊಂಬು ಎತ್ತಿ ಹಿಡಿಯುತ್ತಿದ್ದ ಅವ್ವ, ಸ್ವಲ್ಪ ಆಯಿಯ ಕಡೆ ವಾಲಿ, ಅಜ್ಜಿಗೆ ಓದಲು ಬರುವುದಿಲ್ಲ, ಪಾಪ, ಏನು ಮಾಡಬೇಕು ಎಂದಳು. ಅಲ್ಲಿಂದ ಇಬ್ಬರೂ ಕೂಡಿಯೇ ಆ ಅಜ್ಜಿಗೆ ಬುದ್ಧಿ ಹೇಳತೊಡಗಿದರು.

ವಿರಾಮದಲ್ಲಿ ಹೋಳಿಗೆಯ ಡಬ್ಬಿ ತೆರೆಯಿತು. ಹೋಳಿಗೆ ತಿಂದ ಮೇಲೆ ಆಯಿ ತನ್ನ ನೀರಿನ ಬಾಟಲಿಯನ್ನು ಅವ್ವನ ಮುಂದೆ ಹಿಡಿದಳು. ಹಿಡಿದು ಕಾದಳು. ತಂಗಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ನೆನಪಿದೆ. ಅವ್ವ ಬಾಟಲಿ ನೋಡಿದಳು, ಪರದೆ ನೋಡಿದಳು.

“ಇದೇನ್ ಮನಿ ಅಲ್ಲಲ್ಲ,” ಎಂದು ಸಲೀಸಾಗಿ ತೆಗೆದುಕೊಂಡು, ಬಾಟಲಿಗೆ ಬಾಯಿ ಹಚ್ಚಿಯೇ ಕುಡಿದಳು.

ಆಯಿ ಬಾಟಲಿ ಹಿಂದಕ್ಕೆ ತೆಗೆದುಕೊಳ್ಳುತ್ತ, “ಹಂಗಾರ ಮನಿಗಿ ಬಂದ್ರ ನಿಮಗ ನೀರಡ್ಕಿ ಆಗೂದಿಲ್ಲೇನ್ರಿ?” ಎಂದಳು. ಅವ್ವ ಡಬ್ಬಿಯ ಮುಚ್ಚಳ ಹಾಕತೊಡಗಿದಳು. ದೀಪ ಆರಿದ್ದು ಒಳ್ಳೆಯದಾಯಿತು.

ಅಲ್ಲಿಂದ ಇಲ್ಲಿಯವರೆಗೆ ನಾವು ನಾಲ್ಕು ಪಿಚ್ಚರ್‌ಗಳಿಗೆ ಹೋಗಿದ್ದೇವೆ. ಅವ್ವ ಇನ್ನೂ ಆ ಮನೆಗೆ ಹೋಗಿಲ್ಲ. ತಂಗಿಯ ಗಂಡ ಇನ್ನೂ ಟಾಕೀಜಿಗೆ ಬಂದಿಲ್ಲ, ನನಗೆ ಅವನೇ ಸರಿ ಅನ್ನಿಸುತ್ತದೆ. ನಾನು ಒಬ್ಬನೇ ಹೋದಾಗ ಅವರ ಮನೆಯಲ್ಲಿ ಉಣ್ಣುತ್ತೇನೆ. ಅದನ್ನು ಅಪ್ಪನಿಗೆ ಹೇಳಿಲ್ಲ. ಒಳ್ಳೆಯ ಪಿಚ್ಚರ್‌ಗಳು ನನ್ನನ್ನು ಒಳ್ಳೆಯವನನ್ನಾಗಿ ಮಾಡಿವೆ ಎಂದು ನಾನು ಬರೆಯಲಾರೆ. ಆದರೆ ತರಗತಿಯಲ್ಲಿ ಅವುಗಳನ್ನು ಹೀಯಾಳಿಸುವುದನ್ನು ಬಿಟ್ಟಿದ್ದೇನೆ. ಕಳೆದ ವರ್ಷ ಒಬ್ಬ ಹುಡುಗಿ ಅಂಥದೊಂದು ಪಿಚ್ಚರ್‌ನ ಬಗ್ಗೆ ಪ್ರಬಂಧ ಬರೆದು, ಅದನ್ನು ನೋಡುವಾಗ ಮಾತ್ರ ನಮ್ಮ ಅಪ್ಪ ಅಮ್ಮ ಜಗಳಾಡುವುದಿಲ್ಲ ಎಂದು ಕೊನೆಯ ಸಾಲಿನಲ್ಲಿ ಹೇಳಿದ್ದಳು. ಕೆಂಪು ಪೆನ್ನು ಹಿಡಿದು ತುಂಬ ಹೊತ್ತು ಕೂತಿದ್ದೆ. ಒಂದು ಕಾಗುಣಿತವನ್ನೂ ತಿದ್ದಲಿಲ್ಲ.

ಈ ಬೇಸಿಗೆಯಲ್ಲಿ ಆಯಿಯ ಎರಡೂ ಕಣ್ಣಿಗೆ ಒಂದರ ಹಿಂದೆ ಒಂದು ಪೊರೆಯ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಕೂರಬೇಕು, ಕೆಲವು ವಾರ ಟಿವಿ ನೋಡಬಾರದು ಎಂದಿದ್ದರು. ಆಯಿ ಊಟ ಬಿಟ್ಟವಳ ಹಾಗೆ ಮಂಕಾಗಿದ್ದಾಳೆ ಎಂದು ತಂಗಿ ಫೋನಿನಲ್ಲಿ ಹೇಳಿದಳು. ಅವ್ವ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಮರುದಿನ ನಾನು ಶಾಲೆಯಿಂದ ಬೇಗ ಬಂದಾಗ ನಮ್ಮ ಮನೆಯ ಟಿವಿಯಲ್ಲಿ ಅದೇ ಚಾನೆಲ್ಲು, ಅದೇ ಎರಡು ಗಂಟೆಯ ಪಿಚ್ಚರ್. ಅವ್ವ ಫೋನನ್ನು ಕಿವಿಗೆ ಒತ್ತಿಕೊಂಡು, ಧ್ವನಿ ತಗ್ಗಿಸಿ, ಈಗ ಆಕೆ ಬಾಗಿಲು ತೆಗೆದಳು, ಹಸಿರು ಸೀರೆ ಉಟ್ಟಿದ್ದಾಳೆ, ಹೊರಗೆ ಅವನು ನಿಂತಿದ್ದಾನೆ, ಅಳುತ್ತಿದ್ದಾನೆ ಅನ್ನಿಸುತ್ತದೆ ಎಂದು ಒಂದೊಂದೇ ಹೇಳುತ್ತಿದ್ದಳು. ಆ ಕಡೆಯಿಂದ ಆಯಿ ಅವನನ್ನು ಬೈಯುವುದು ನನಗೂ ಕೇಳುತ್ತಿತ್ತು.

ಆಮೇಲೆ ದಿನವೂ ಹಾಗೆಯೇ ನಡೆಯಿತು. ಒಂದು ದಿನ ಅಪ್ಪ ಊಟಕ್ಕೆ ತಡವಾಗಿ ಮೇಲೆ ಬಂದರು. ಅವ್ವ ಫೋನ್ ಇಡಲಿಲ್ಲ. ನಾನು ತಟ್ಟೆ ಹಾಕಿ ರೊಟ್ಟಿ ಬಡಿಸಿದೆ. ಅಪ್ಪ ಟಿವಿಗೆ ಬೆನ್ನು ಮಾಡಿ ಕೂತು ಉಣ್ಣುತ್ತ ಅವ್ವ ಹೇಳುವುದನ್ನೆಲ್ಲ, ಆ ಕಡೆಯಿಂದ ಆಯಿ ಬೈಯುವುದನ್ನೂ ಕೇಳಿಸಿಕೊಂಡರು. ಪಿಚ್ಚರ್ ಮುಗಿಯಿತು, ಅವ್ವ ಫೋನ್ ಇಟ್ಟಳು. ಕೆಳಗೆ ಅಂಗಡಿಯಲ್ಲಿ ಯಾರೋ ಗಿರಾಕಿ ಕೂಗಿದರು.

“ಎಲ್ಲಾರೂ ಛಲೋ ಇದ್ದಾರೇನು?” ಎಂದರು ಅಪ್ಪ, ತಟ್ಟೆ ನೋಡುತ್ತ.

“ಯಾರ್ರೀ? ಪಿಚ್ಚರ್‌ನಾಗಿನವ್ರೇನ್ರಿ?” ಎಂದಳು ಅವ್ವ.

ಅಪ್ಪ ರೊಟ್ಟಿಯ ಕೊನೆಯ ಚೂರಿನಿಂದ ತಟ್ಟೆ ಒರೆಸಿದರು. ಅವ್ವ ಸ್ವಲ್ಪ ಕಾದು, “ಹೌದ್ರಿ, ಛಲೋ ಇದ್ದಾರ,” ಎಂದಳು. ಅವರು ಕೈ ತೊಳೆದುಕೊಂಡು, ಮೆಟ್ಟಿಲ ಕಂಬಿ ಹಿಡಿದು ನಿಧಾನವಾಗಿ ಅಂಗಡಿಗೆ ಇಳಿದು ಹೋದರು.